ಎರಡು ಸಲ ಬಡಿದರೆ

ನರಿನ್ ಊರಿನಲ್ಲಿ ಚಳಿಗಾಲ ಬಂತೆಂದರೆ
ಬ್ಯಾಟರಿಗೂ ಒಂದು ಹಾಸಿಗೆ ಬೇಕು.
ರಾತ್ರಿ ಕಾರಿನಿಂದ ಬಿಚ್ಚಿ, ಎದೆಗವಚಿ,
ಹಿಮದಲ್ಲಿ ಹೆಜ್ಜೆ ಊರಿ ಊರಿ ತಂದು
ಒಲೆಯ ಪಕ್ಕ ಗೋಣಿಯ ಮೇಲೆ ಮಲಗಿಸುತ್ತೇನೆ,
ಆಗತಾನೆ ಹುಟ್ಟಿದ ಕುರಿಮರಿಗಳನ್ನು ಅಪ್ಪ ತರುತ್ತಿದ್ದ ಹಾಗೆ.
ಮರಿಯಾದರೆ ಗಲ್ಲ ನೆಕ್ಕುತ್ತಿತ್ತು.
ಇದು ಕೋಟಿಗೆ ತೂತು ಬೀಳಿಸುತ್ತದೆ.

ಒಳಗೆ ಮಲಗಿದ ದಿನ
ಬೆಳಿಗ್ಗೆ ಒಂದೇ ಕೀಲಿಗೆ ಎದ್ದು ಕೂರುತ್ತದೆ.
ಸೋಮಾರಿತನ ಮಾಡಿ ಎರಡು ರಾತ್ರಿ ಹೊರಗೇ ಬಿಟ್ಟೆನೋ
ಟಿಕ್. ಟಿಕ್.
ಆಮೇಲೆ ಆ ಟಿಕ್ಕೂ ಇಲ್ಲ.

ಚಳಿ, ಅಂದಿತು ಊರು.
ಪಕ್ಕದ ಮನೆಯ ತೊಕೋನ್ ಹೊಸದು ತಗೋ ಅಂದ.
ತಗೊಂಡೆ, ಎರಡು ಕುರಿಯ ದುಡ್ಡು. ಅದೂ ಮಲಗಿತು.
ಅವನ ಷಡ್ಡಕ ಆಲ್ಟರ್ನೇಟರಿನ ಮೇಲೆ ಹೊರಿಸಿದ.
ಎಂಜಿನ್ ಓಡುವಾಗ ಅಳೆದರೆ ಹದಿನಾಲ್ಕೂ ಕಾಲು ವೋಲ್ಟು:
ಪಾಪ, ಅದು ನಿಯತ್ತಿನ ಆಳು.
ಟರ್ಮಿನಲ್ಲುಗಳಿಗೆ ಮೆತ್ತಿದ ಬಿಳಿ-ಹಸಿರು ಬೂಷ್ಟನ್ನು
ಸೋಡಾ ಬೆರೆಸಿದ ಬಿಸಿನೀರಲ್ಲಿ ತಿಕ್ಕಿ ತಿಕ್ಕಿ
ಉಗುರಿನ ಸಂದು ಉರಿದದ್ದಷ್ಟೇ ಲಾಭ.

ಬುರುಲ್ ಟೀಚರು ಶಾಲೆಯಲ್ಲಿ ಭೌತಶಾಸ್ತ್ರ ಹೇಳುತ್ತಾರೆ.
ಬಿಷ್ಕೆಕ್ಕಿಗೆ ಹೊರಟವರು ನನ್ನ ಹಳೇ ಆಡಿಯ
ಮುಂದಿನ ಸೀಟಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡು,
ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು, ಅಂದರು:
'ಒಳಗೆ ತಂದರೆ ಉಳಿಯುತ್ತದೆ ಅನ್ನುತ್ತೀಯ.
ಬೆಚ್ಚಗಿಟ್ಟದ್ದಕ್ಕೋ,
ಬಿಚ್ಚಿಟ್ಟದ್ದಕ್ಕೋ?'

ದೊಲೊನ್ ಘಾಟಿಯ ತಿರುವುಗಳು ಮುಗಿಯುವ ತನಕ
ನಾನು ಬಾಯಿ ಬಿಡಲಿಲ್ಲ.

ಭಾನುವಾರ ಶಾಲೆಯ ಮೀಟರು ಬಂತು.
ಕೀಲಿ ತೆಗೆದು, ಬಾಗಿಲುಗಳನ್ನೆಲ್ಲ ಮುಚ್ಚಿ,
ಋಣದ ತಂತಿ ಬಿಚ್ಚಿ ನಡುವೆ ಮೀಟರು ಕಟ್ಟಿದೆವು.
ಸತ್ತಂತೆ ನಿಂತ ಕಾರು
ಕದ್ದು ಉಣ್ಣುತ್ತಿತ್ತು. ಮುಕ್ಕಾಲು ಆಂಪಿಯರು, ಮೇಲೊಂದಿಷ್ಟು.
'ಗಡಿಯಾರಕ್ಕೆ ಇಷ್ಟು ಹಸಿವಿರುವುದಿಲ್ಲ' ಅಂದರು ಟೀಚರು.
ಒಂದೊಂದೇ ಫ್ಯೂಸು ಕಿತ್ತೆ, ಮರಗಟ್ಟಿದ ಬೆರಳಲ್ಲಿ.
ರೇಡಿಯೊ ಅಲ್ಲ. ಹಾರ್ನು ಅಲ್ಲ.
ನಾನು ಬೈದುಕೊಂಡಿದ್ದ ಹೀಟರೂ ಅಲ್ಲ.
ಹದಿಮೂರನೆಯದು ಕಿತ್ತಾಗ
ಅಂಕಿ ತಟಕ್ಕನೆ ತಲೆ ತಗ್ಗಿಸಿತು.
ಮುಚ್ಚಳದ ಬರಹ ಜರ್ಮನ್; ಚಿತ್ರ ನೋಡಿ ಓದಿಕೊಂಡೆವು:
ಒಳದೀಪ, ಡಿಕ್ಕಿಯ ದೀಪ.
ಒಳದೀಪ ಆರಿದ್ದು ಗಾಜಿನಲ್ಲೇ ಕಾಣುತ್ತಿತ್ತು.

ಡಿಕ್ಕಿ ತೆರೆದರೆ ದೀಪ ಉರಿಯುತ್ತದೆ, ಉರಿಯಬೇಕು.
ಮುಚ್ಚಿದ ಮೇಲೆ?
ಮುಚ್ಚಿದ ಮೇಲಿನದನ್ನು ಯಾರು ನೋಡಿದ್ದಾರೆ?

'ನಾನು ನೋಡ್ತೀನಿ' ಅಂದಳು ಮೆಯೆರಿಮ್.
ಒಂಬತ್ತು ವರ್ಷ, ಮೈಮೇಲೆ ಅಣ್ಣನ ಕೋಟು.
ಆಲೂಗಡ್ಡೆ ಚೀಲ ಸರಿಸಿ ಸ್ಟೆಪ್ನಿಯ ಮೇಲೆ ಮುದುಡಿದಳು.
ಕತ್ತಲಾದರೆ ಒಂದು ಸಲ ಬಡಿ,
ಬೆಳಕಿದ್ದರೆ ಎರಡು.
ಮುಚ್ಚಿದೆ.

ತಗಡಿನ ಆಚೆ ಸದ್ದಿಲ್ಲ.
ತೊಕೋನನ ನಾಯಿ ಬಂದು ನಿಂತಿತು.
ಟೀಚರು ಕೈಗವಸಿನ ತುದಿ ಕಚ್ಚಿದರು.

ಠಕ್.

ಒಂದೇ, ಅಂದುಕೊಂಡು ಹಿಡಿಗೆ ಕೈ ಹಾಕಿದೆ.

ಠಕ್.

'ಇರಪ್ಪಾ, ತೆಗೀಬೇಡ!' ಒಳಗಿಂದಲೇ ಗದರಿದಳು.
'ಇಲ್ಲಿ ಯಾರದೋ ಕೈಗವಸಿದೆ, ಕೆಂಪು. ಒಂದು ಚಮಚ ಇದೆ.
ನಾನು ಉಸಿರು ಬಿಟ್ಟರೆ ಮೇಲೆಲ್ಲ ಹೊಳೀತಿದೆ.'

ಎಷ್ಟು ರಾತ್ರಿ, ಲೆಕ್ಕವಿಟ್ಟವರಾರು,
ನಾವು ದೀಪ ಆರಿಸಿ ಮಲಗಿದ ಮೇಲೂ
ಒಂದು ಸ್ಟೆಪ್ನಿಗೆ, ಒಂದು ಚಮಚಕ್ಕೆ
ಅದು ಬೆಳಕು ಹಿಡಿದುಕೊಂಡು ಕೂತಿತ್ತು.

ಸ್ವಿಚ್ಚಿನ ಸ್ಪ್ರಿಂಗು ತುಕ್ಕು ತಿಂದಿತ್ತು.
ಹೊಸದು ಸಂತೆಯಲ್ಲಿಲ್ಲ. ಬಲ್ಬನ್ನೇ ಕಿತ್ತುಬಿಟ್ಟೆ.
ಮೈನಸ್ ಇಪ್ಪತ್ತಾರರಲ್ಲಿ
ಅಂಗೈ ಸುಟ್ಟಿತು ಅದು, ಹುರಿದ ಕಡಲೆಯಷ್ಟು ಚಿಕ್ಕದು.

ಈಗ ಬ್ಯಾಟರಿ ಹೊರಗೇ ಮಲಗುತ್ತದೆ.
ಗೋಣಿಯನ್ನು ಬೆಕ್ಕು ಹಿಡಿದುಕೊಂಡಿದೆ.
ನಿನ್ನೆ ಘಾಟಿಯ ತಲೆಯಲ್ಲಿ, ನಡುರಾತ್ರಿ,
ಅಜ್ಜಿಯೊಬ್ಬಳ ಗಂಟು ತೆಗೆಯಲು ಡಿಕ್ಕಿಯೊಳಗೆ ತಡಕಾಡುತ್ತಿದ್ದೆ.
'ಇಷ್ಟು ದೊಡ್ಡ ಕಾರು, ಒಂದು ದೀಪ ಇಲ್ಲವೇನಪ್ಪ?'

ಇದೆ, ಅಂದೆ.
ಜೇಬಿನಲ್ಲಿದೆ.